ಅರ್ಧ ನಮ್ಮವರು, ಅರ್ಧ ಅವರ ಕಡೆಯವರು: ಮಿಶ್ರ ನಂಬಿಕೆಯ ಮತದಾರರ ಮನೆಗೆ ಪಕ್ಷ ಹೇಗೆ ಹೋಗಬೇಕು?

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಪಕ್ಷವೊಂದರ ಬೂತ್ ಮಟ್ಟದ ಕೆಲಸ ಮಾಡುತ್ತೇನೆ. ನಮ್ಮ ಕಡೆ ಒಂದೇ ಮನೆಯವರು ವಿಧಾನಸಭೆಗೆ ಒಂದು ಪಕ್ಷಕ್ಕೆ, ಲೋಕಸಭೆಗೆ ಇನ್ನೊಂದಕ್ಕೆ ಓಟು ಹಾಕುತ್ತಾರೆ. ದೇವರು, ದೇಶದ ವಿಷಯ ಬಂದರೆ ಒಂದು ಪಕ್ಷದ ಮಾತು ಹಿಡಿಸುತ್ತದೆ. ಅಕ್ಕಿ, ಬಸ್ಸು, ಸಾಲದ ವಿಷಯ ಬಂದರೆ ಇನ್ನೊಂದರದು. ಇಂಥವರನ್ನು ಒಲಿಸಿಕೊಳ್ಳಲು ಎಲ್ಲ ವಿಷಯದಲ್ಲೂ ನಡುದಾರಿ ಹಿಡಿದು ಮಾತಾಡಿ ಎಂದು ಮುಖಂಡರು ಹೇಳುತ್ತಾರೆ. ಇದು ಸರಿಯೇ? ಬೂತ್ ಮಟ್ಟದಲ್ಲಿ ನಾವು ಮಾಡಬಹುದಾದ್ದು ಏನು?

ಉತ್ತರ: ಎಲ್ಲದರಲ್ಲೂ ನಡುದಾರಿ ಹಿಡಿದರೆ ಈ ಮತದಾರರನ್ನು ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಆ ಸಲಹೆಯ ಬುಡದಲ್ಲಿ ಒಂದು ಲೆಕ್ಕದ ತಪ್ಪಿದೆ.

ತಿಪಟೂರು ಕಡೆಯ ಒಬ್ಬ ತೆಂಗು ಬೆಳೆಗಾರರನ್ನು ಊಹಿಸಿಕೊಳ್ಳಿ. ಕೊಬ್ಬರಿಗೆ ಸರ್ಕಾರ ಬೆಲೆ ಕಟ್ಟಿ ಕೊಳ್ಳಲೇಬೇಕು, ಪಡಿತರ ನಿಲ್ಲಬಾರದು ಎನ್ನುವಲ್ಲಿ ಅವರು ಗಟ್ಟಿ. ಒಂದರಿಂದ ಹತ್ತರ ಅಳತೆಗೋಲಿನಲ್ಲಿ ಎಡತುದಿ ಒಂದು, ಬಲತುದಿ ಹತ್ತು ಎಂದಿಟ್ಟುಕೊಂಡರೆ ಇಲ್ಲಿ ಅವರದು 2. ಗೋವು, ಗುಡಿ, ಗಡಿಯ ಮಾತು ಬಂದಾಗ ಅವರದು 9. ಸರಾಸರಿ ತೆಗೆದರೆ ಐದೂವರೆ. ಪಕ್ಕದ ಮನೆಯ ಮೇಷ್ಟರು ಒಂದಕ್ಕೆ 5, ಇನ್ನೊಂದಕ್ಕೆ 6 ಎನ್ನುವವರು. ಅವರ ಸರಾಸರಿಯೂ ಐದೂವರೆ. ಕಾಗದದ ಮೇಲೆ ಇಬ್ಬರೂ ಒಂದೇ. ಊರಿನಲ್ಲಿ ಇಬ್ಬರೂ ಬೇರೆ ಬೇರೆ ಜನ. ನಡುದಾರಿಯ ಮಾತು ಮೇಷ್ಟರಿಗೆ ಹಿಡಿಸೀತು. ತೆಂಗಿನ ತೋಟದವರಿಗೆ ಎರಡು ಗಟ್ಟಿ ನಂಬಿಕೆಗಳಿವೆ, ಎರಡರಲ್ಲೂ ಮೆತ್ತಗೆ ಮಾತಾಡುವ ಪಕ್ಷ ಅವರ ಕಣ್ಣಿಗೆ ಯಾವುದನ್ನೂ ನಂಬದ ಪಕ್ಷವಾಗಿ ಕಾಣುತ್ತದೆ. ನಿಮ್ಮ ತಾಲ್ಲೂಕಿನ 'ಹೊಯ್ದಾಡುವ' ಮತದಾರರಲ್ಲಿ ಮೇಷ್ಟರಂಥವರು ಎಷ್ಟು, ತೋಟದವರಂಥವರು ಎಷ್ಟು ಎಂದು ತಿಳಿಯದೆ ಪ್ರಚಾರದ ಸಾಲು ಬರೆಯಲೇಬಾರದು.

ಈ ಮಿಶ್ರಣವನ್ನು ಗೊಂದಲ ಎಂದು ಕರೆಯುವ ಕಾರ್ಯಕರ್ತರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಹಾಗೆ ಕರೆದ ಕ್ಷಣವೇ ಆ ಮನೆಯ ಬಾಗಿಲು ಮುಚ್ಚುತ್ತದೆ. ಬೆಲೆಯ ಬಗ್ಗೆ ಒಂದು ಅಭಿಪ್ರಾಯ, ದೇವರ ಬಗ್ಗೆ ಇನ್ನೊಂದು ಅಭಿಪ್ರಾಯ ಇಟ್ಟುಕೊಳ್ಳುವುದರಲ್ಲಿ ಯಾವ ಗೊಂದಲವೂ ಇಲ್ಲ. ಎರಡನ್ನೂ ಒಂದೇ ಕಟ್ಟಾಗಿ ಕಟ್ಟಿ ಮಾರುವುದು ಪಕ್ಷಗಳ ಅನುಕೂಲ, ಆ ಕಟ್ಟನ್ನು ಹಾಗೇ ಕೊಳ್ಳಬೇಕೆಂಬ ಋಣ ಮತದಾರರಿಗಿಲ್ಲ.

ಕರ್ನಾಟಕದ ಮತದಾರರಿಗೆ ಇದು ಹೊಸದೂ ಅಲ್ಲ. ಇಂದಿರಾ ಗಾಂಧಿಯವರ ಹತ್ಯೆಯ ನಂತರ 1984ರ ಡಿಸೆಂಬರ್‌ನಲ್ಲಿ ನಡೆದ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಹೋದವು. ಜನರ ವಿಶ್ವಾಸ ಹೋಯಿತೆಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮರು ಜನಾದೇಶ ಕೇಳಿದರು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ಮೂರು ತಿಂಗಳಲ್ಲಿ ಜನರ ನಂಬಿಕೆ ಬದಲಾಗಿರಲಿಲ್ಲ. ಅವರ ಮುಂದಿಟ್ಟ ಪ್ರಶ್ನೆ ಬದಲಾಗಿತ್ತು. ಡಿಸೆಂಬರ್‌ನ ಪ್ರಶ್ನೆ ದೇಶ ಯಾರ ಕೈಯಲ್ಲಿರಬೇಕು ಎಂಬುದು, ಮಾರ್ಚ್‌ನ ಪ್ರಶ್ನೆ ಬೆಂಗಳೂರಿನಲ್ಲಿ ಯಾರು ಆಳಬೇಕು ಎಂಬುದು.

ಇದಕ್ಕಿಂತ ಶುದ್ಧವಾದ ಸಾಕ್ಷಿ 2004ರದು, ಏಕೆಂದರೆ ಆ ವರ್ಷ ಎರಡೂ ಚುನಾವಣೆ ಒಟ್ಟಿಗೇ ನಡೆದವು. ಅದೇ ಮತಗಟ್ಟೆ, ಅದೇ ದಿನ, ಎರಡು ಯಂತ್ರ. ಬಿಜೆಪಿಗೆ ವಿಧಾನಸಭೆಯಲ್ಲಿ ಬಂದ ಮತ ಶೇ 28ರ ಆಸುಪಾಸು, ಲೋಕಸಭೆಯಲ್ಲಿ ಶೇ 35ರ ಹತ್ತಿರ. ವಿಧಾನಸಭೆಗೆ ಸಣ್ಣ ಪಕ್ಷ ಮತ್ತು ಪಕ್ಷೇತರರು ಹೆಚ್ಚು ನಿಲ್ಲುತ್ತಾರೆ ಎಂಬ ಕಾರಣವನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಒಂದೇ ಬೆರಳಿನ ಶಾಯಿಯಲ್ಲಿ ಎರಡು ಬಗೆಯ ತೀರ್ಮಾನ ಮಾಡಿದವರು ಬಹಳ ಮಂದಿ ಇದ್ದರೆಂಬುದು ಸ್ಪಷ್ಟ.

ಇಲ್ಲೊಂದು ಎಚ್ಚರಿಕೆ. ಸ್ಥಾನಗಳ ಏರಿಳಿತ ನೋಡಿ ಜನರ ಮನಸ್ಸು ಅಳೆಯಲು ಹೋಗಬೇಡಿ. 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. 2024ರ ಲೋಕಸಭೆಯಲ್ಲಿ 28ರಲ್ಲಿ 9ಕ್ಕೆ ನಿಂತಿತು. ನಿಮ್ಮ ಜಿಲ್ಲೆಯಲ್ಲೇ 11ರಲ್ಲಿ 7 ವಿಧಾನಸಭಾ ಕ್ಷೇತ್ರ ಗೆದ್ದ ಪಕ್ಷ ವರ್ಷದೊಳಗೆ ತುಮಕೂರು ಲೋಕಸಭಾ ಸ್ಥಾನ ಸೋತಿತು. 'ಜನ ಮನಸ್ಸು ಬದಲಿಸಿದರು' ಎಂದು ಎಲ್ಲರೂ ಬರೆದರು. ಮತಗಳನ್ನು ನೋಡಿ: ಕಾಂಗ್ರೆಸ್ ಶೇ 42.9ರಿಂದ 45.4ಕ್ಕೆ ಏರಿದೆ. ಬಿಜೆಪಿ ಮತ್ತು ಜೆಡಿಎಸ್ 2023ರಲ್ಲಿ ಬೇರೆ ಬೇರೆ ನಿಂತು ಪಡೆದದ್ದು 36 ಮತ್ತು 13.3, ಒಟ್ಟು 49.3, 2024ರಲ್ಲಿ ಮೈತ್ರಿ ಮಾಡಿಕೊಂಡು ಪಡೆದದ್ದು 51.7. ಎರಡೂ ಬಣ ಏರಿವೆ, ಕುಸಿದದ್ದು ಇತರರ ಪಾಲು. ರಾಜ್ಯದ ಒಟ್ಟು ಲೆಕ್ಕದಲ್ಲಿ ಆಟ ತಿರುಗಿಸಿದ್ದು ಮೈತ್ರಿ.

ಹಾಗೆಂದು ಮೈತ್ರಿಯಲ್ಲಿ ಮತಗಳು ತಾವಾಗಿಯೇ ಕೂಡುತ್ತವೆ ಎಂದುಕೊಂಡರೆ 2019 ನೆನಪಿಸಿಕೊಳ್ಳಿ. 2018ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ಗೆ ಒಟ್ಟು ಶೇ 56ರಷ್ಟು ಮತವಿತ್ತು. ಮರುವರ್ಷ ಒಟ್ಟಿಗೆ ನಿಂತಾಗ ಅದು 42ರ ಹತ್ತಿರಕ್ಕೆ ಇಳಿಯಿತು, ಬಿಜೆಪಿ 51 ದಾಟಿ 25 ಸ್ಥಾನ ಗೆದ್ದಿತು. ತುಮಕೂರಿನಲ್ಲಿ ಎಚ್.ಡಿ. ದೇವೇಗೌಡರೇ ಸೋತರು. ಹಳ್ಳಿಯಲ್ಲಿ ದಶಕಗಳಿಂದ ಎದುರಾಬದುರಾ ನಿಂತ ಎರಡು ಗುಂಪುಗಳಲ್ಲಿ ಮೇಲಿನವರು ಕೈಕುಲುಕಿದರೆಂದು ಕೆಳಗಿನವರು ಕೈಕುಲುಕುವುದಿಲ್ಲ. ಜನರಿಗೆ ತಮ್ಮ ಪಕ್ಷದ ಮೇಲಿನ ಪ್ರೀತಿಗಿಂತ ಎದುರು ಗುಂಪಿನ ಮೇಲಿನ ಸಿಟ್ಟು ಕೆಲವೊಮ್ಮೆ ಗಟ್ಟಿಯಾಗಿರುತ್ತದೆ. ಇದೂ ಮಿಶ್ರ ನಂಬಿಕೆಯ ಒಂದು ಬಗೆಯೇ.

ಹಾಗಾದರೆ ದಾರಿ ಏನು? ಪ್ರತಿ ಮಿಶ್ರ ಮತದಾರರಲ್ಲೂ ನಿಮ್ಮ ಪಕ್ಷದ ಕಡೆಗೆ ಎಳೆಯುವ ಒಂದೆರಡು ವಿಷಯ ಇರುತ್ತವೆ, ನಿಮ್ಮಿಂದ ದೂರ ನೂಕುವ ಒಂದೆರಡು ಇರುತ್ತವೆ. ಎಳೆಯುವ ವಿಷಯದಲ್ಲಿ ಪೂರ್ತಿ ಗಟ್ಟಿಯಾಗಿ ಮಾತಾಡಬೇಕು. ನೂಕುವ ವಿಷಯದಲ್ಲಿ ಅವರ ನಂಬಿಕೆ ಬದಲಿಸಲು ಹೋಗದೆ, ಭಯ ತೆಗೆಯುವಷ್ಟು ಅಭಯ ಕೊಡಬೇಕು. ಉಳಿದ ಇಪ್ಪತ್ತು ವಿಷಯಗಳನ್ನು ಪ್ರಣಾಳಿಕೆಗೆ ಬಿಟ್ಟು ಸುಮ್ಮನಿರಬೇಕು. ಬಹುತೇಕ ಪಕ್ಷಗಳು ಇದರ ತದ್ವಿರುದ್ಧ ಮಾಡುತ್ತವೆ: ನೂಕುವ ವಿಷಯದಲ್ಲಿ ವಾದಕ್ಕಿಳಿಯುತ್ತವೆ, ಎಳೆಯುವ ವಿಷಯವನ್ನು ಹೇಗೂ ನಮ್ಮದೇ ಎಂದು ಮರೆಯುತ್ತವೆ.

ದೆಹಲಿಯಲ್ಲಿ ಇದನ್ನು ಎರಡೂ ಕಡೆಯಿಂದ ನೋಡಬಹುದು. 2019ರ ಲೋಕಸಭೆಯಲ್ಲಿ ಅಲ್ಲಿನ ಏಳಕ್ಕೆ ಏಳೂ ಸ್ಥಾನ ಬಿಜೆಪಿಗೆ. 2020ರ ಫೆಬ್ರುವರಿಯ ವಿಧಾನಸಭೆಯಲ್ಲಿ ಆಮ್ ಆದ್ಮಿ ಪಕ್ಷಕ್ಕೆ 70ರಲ್ಲಿ 62. ಪಕ್ಷ ತನ್ನ ಪ್ರಚಾರವನ್ನು 200 ಯೂನಿಟ್ ಉಚಿತ ವಿದ್ಯುತ್, ಶಾಲೆ, ಮೊಹಲ್ಲಾ ಕ್ಲಿನಿಕ್, ಮಹಿಳೆಯರ ಉಚಿತ ಬಸ್ ಪ್ರಯಾಣಕ್ಕೆ ಕಟ್ಟಿಹಾಕಿತು. ಪೌರತ್ವ ಕಾಯ್ದೆಯ ಗದ್ದಲ ತನ್ನ ಪ್ರಚಾರದ ನಡುಮನೆಗೆ ಬಾರದಂತೆ ನೋಡಿಕೊಂಡಿತು. ಅರವಿಂದ ಕೇಜ್ರಿವಾಲ್ ಟಿವಿಯಲ್ಲಿ ಹನುಮಾನ್ ಚಾಲೀಸಾ ಹೇಳಿದರು. ಅದರಿಂದ ಹೊಸ ಮತ ಬಂತೆನ್ನುವುದಕ್ಕಿಂತ, 'ಇವರಿಗೆ ಹಾಕಿದರೆ ನನ್ನ ದೇವರಿಗೆ ದ್ರೋಹ' ಎಂಬ ಅಳುಕು ಇದ್ದವರಿಗೆ ಅದು ಅಭಯವಾಯಿತು ಎನ್ನುವುದು ನನ್ನ ಅಂದಾಜು. 2025ರಲ್ಲಿ ಪಗಡೆ ತಿರುಗಿತು. ಈಗಿನ ಯಾವ ಜನಕಲ್ಯಾಣ ಯೋಜನೆಯನ್ನೂ ನಿಲ್ಲಿಸುವುದಿಲ್ಲ ಎಂದು ಬಿಜೆಪಿ ಮತ್ತೆ ಮತ್ತೆ ಹೇಳಿತು, 48 ಸ್ಥಾನ ಗೆದ್ದಿತು. ದೇಶದ ವಿಷಯದಲ್ಲಿ ಬಿಜೆಪಿಯ ಜೊತೆಗಿದ್ದು, ಕರೆಂಟ್ ಬಿಲ್ಲಿನ ಭಯಕ್ಕೆ ಇನ್ನೊಂದು ಕಡೆ ಉಳಿದಿದ್ದವರಿಗೆ ಸಿಕ್ಕ ಅಭಯ ಅದು. ಸೋಲು ಗೆಲುವಿಗೆ ಹತ್ತು ವರ್ಷದ ಆಡಳಿತದ ಬೇಸರ, ಭ್ರಷ್ಟಾಚಾರದ ಆರೋಪ ಮುಂತಾದ ಬೇರೆ ಕಾರಣಗಳೂ ಇದ್ದವು, ಆದರೆ ಈ ತಂತ್ರದ ಕೆಲಸ ಎರಡೂ ಸಲ ಒಂದೇ.

ನಮ್ಮಲ್ಲಿ 2023ರಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿಗಳನ್ನೂ, ಬಿಜೆಪಿ ಸರ್ಕಾರದ ಮೇಲಿನ ಶೇ 40ರ ಕಮಿಷನ್ ಆರೋಪವನ್ನೂ ತಿಂಗಳುಗಟ್ಟಲೆ ಹಿಡಿದು ಕೂತಿತ್ತು. ಕೊನೆಯ ವಾರ ಪ್ರಣಾಳಿಕೆಯಲ್ಲಿ ನಿಷೇಧದ ಮಾತಿನ ಜೊತೆ ಬಜರಂಗದಳದ ಹೆಸರು ಬಂದದ್ದೇ ತಡ, ಎದುರು ಪಕ್ಷ 'ಜೈ ಬಜರಂಗಬಲಿ' ಎಂದು ಪ್ರಶ್ನೆಯನ್ನೇ ಬದಲಿಸಲು ನೋಡಿತು. ಕಾಂಗ್ರೆಸ್ ನಾಯಕರು ಆಂಜನೇಯನ ಗುಡಿಗಳ ಅಭಿವೃದ್ಧಿಯ ಮಾತಾಡಿ ಆ ಬೆಂಕಿ ಆರಿಸಲು ಓಡಬೇಕಾಯಿತು. ರಾಜ್ಯದ ಬಹುಭಾಗದಲ್ಲಿ ಮೊದಲೇ ಊರಿದ್ದ ಪ್ರಶ್ನೆ ಅಲುಗಲಿಲ್ಲ. ಕರಾವಳಿಯಲ್ಲಿ ಕತೆ ಬೇರೆ: ಉಡುಪಿಯ ಐದಕ್ಕೆ ಐದು, ದಕ್ಷಿಣ ಕನ್ನಡದ ಎಂಟರಲ್ಲಿ ಆರು ಬಿಜೆಪಿಗೇ ಉಳಿದವು. ಅಲ್ಲಿ ಧರ್ಮದ ಪ್ರಶ್ನೆ ಚುನಾವಣೆಗೆ ಹುಟ್ಟುವುದಲ್ಲ, ದಿನನಿತ್ಯದ್ದು. ಒಂದು ಕಡೆ ಫಲಿಸಿದ ಮಾತನ್ನು ಇನ್ನೊಂದು ಕಡೆಗೆ ಹಾಗೇ ಎತ್ತಿಕೊಂಡು ಹೋಗಬೇಡಿ.

ಅಭಯದ ಬದಲು ಕತ್ತರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಲಿಂಗಾಯತ ಪ್ರತ್ಯೇಕ ಧರ್ಮದ ವಿಷಯ ನೋಡಿ. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ ರಾಜ್ಯದ ಕಾಂಗ್ರೆಸ್ ಸರ್ಕಾರದ ಸಚಿವ ಸಂಪುಟ ಮಾರ್ಚ್‌ನಲ್ಲಿ ಶಿಫಾರಸು ಮಾಡಿತು, ಮೇ ತಿಂಗಳಲ್ಲಿ ಚುನಾವಣೆ. ಬೇಡಿಕೆಯ ಹಿಂದೆ ನಿಜವಾದ ವಿಚಾರ, ದೀರ್ಘ ಚರ್ಚೆ ಇತ್ತು. ಅದರ ಸರಿ ತಪ್ಪು ಇಲ್ಲಿನ ವಿಷಯವಲ್ಲ. ಆದರೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬಾಯಲ್ಲಿ ಬಸವಣ್ಣನ ವಚನ, ಜಗುಲಿಯ ಮೇಲೆ ವೀರಭದ್ರ, ವರ್ಷಕ್ಕೊಮ್ಮೆ ಪಂಚಪೀಠದ ಸ್ವಾಮಿಗಳ ಪಾದಪೂಜೆ ಎಲ್ಲವೂ ಜಗಳವಿಲ್ಲದೆ ಒಟ್ಟಿಗಿವೆ. ಚುನಾವಣೆಗೆ ಎರಡು ತಿಂಗಳಿರುವಾಗ ಆ ಮನೆಯವರಿಗೆ 'ನೀವು ಯಾವ ಕಡೆ?' ಎಂಬ ಪ್ರಶ್ನೆ ಹಾಕಿದಂತಾಯಿತು. ಕಾಂಗ್ರೆಸ್ 122 ಸ್ಥಾನದಿಂದ 80ಕ್ಕೆ ಇಳಿಯಿತು. ಇಳಿಕೆಗೆ ಇದೊಂದೇ ಕಾರಣ ಎನ್ನುವುದು ಅತಿಯಾದೀತು. ಆದರೆ ಧರ್ಮದ ವಿಷಯಕ್ಕೆ ಕೈಹಾಕಿದ್ದು ತಪ್ಪಾಯಿತೆಂದು ಅದೇ ಸರ್ಕಾರದಲ್ಲಿ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ ಅದೇ ವರ್ಷ ಗದಗ ಜಿಲ್ಲೆಯ ಸಭೆಯಲ್ಲಿ ಬಹಿರಂಗವಾಗಿ ಹೇಳಿದರು. ಜನ ತಮ್ಮೊಳಗೇ ಹೊಂದಿಸಿಕೊಂಡಿರುವ ಎರಡು ನಂಬಿಕೆಗಳ ನಡುವೆ ಗೆರೆ ಎಳೆಯುವ ಪಕ್ಷ, ಆ ಗೆರೆಯ ಎರಡೂ ಕಡೆಯವರ ಕೋಪಕ್ಕೆ ಗುರಿಯಾಗಬಹುದು.

ಬಿಜೆಪಿಗೆ ಇದೇ ಬಗೆಯ ತೊಡಕು ತಂದದ್ದು 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ. ಗೋವಿಗೆ ಪೂಜೆ ಮಾಡುವ ರೈತನಿಗೂ ಉಳುಮೆ ಬಿಟ್ಟ ಎತ್ತನ್ನು ಸಂತೆಗೆ ಹೊಡೆಯುವುದು ಮನೆಯ ಆರ್ಥಿಕತೆಯ ಒಂದು ಭಾಗ. ಕಾಯ್ದೆಯಲ್ಲಿ ವಯಸ್ಸಿನ ವಿನಾಯಿತಿ 13 ವರ್ಷ ದಾಟಿದ ಎಮ್ಮೆ ಕೋಣಗಳಿಗಷ್ಟೇ. ಮುದಿ ಎತ್ತಿನ ಮೇವಿನ ಖರ್ಚು ಯಾರದು ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಗದಿದ್ದಾಗ, ನಂಬಿಕೆಯಲ್ಲಿ ಜೊತೆಗಿದ್ದವರೇ ಸಂತೆಯ ದಿನ ಬೈಯುತ್ತಾರೆ.

ಇನ್ನು ನಿಮ್ಮ ಕೆಲಸಕ್ಕೆ ಬರೋಣ. ಮೊದಲು ಫಾರ್ಮ್ 20 ಇಳಿಸಿಕೊಳ್ಳಿ. ಪ್ರತಿ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಎಂಬ ಅಂತಿಮ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಲೋಕಸಭೆಯ ಪಟ್ಟಿಯೂ ವಿಧಾನಸಭಾ ಕ್ಷೇತ್ರವಾರು ಇರುವುದರಿಂದ 2023 ಮತ್ತು 2024ನ್ನು ಪಕ್ಕಪಕ್ಕ ಇಡಬಹುದು. ಮೊದಲ ತಪ್ಪು ಆಗುವುದೇ ಇಲ್ಲಿ: ಬೂತ್ ಸಂಖ್ಯೆ ನೋಡಿ ಜೋಡಿಸುತ್ತಾರೆ. ನಡುವೆ ಹೊಸ ಬೂತ್ ಸೇರಿದರೆ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಜರುಗಿರುತ್ತವೆ. ಶಾಲೆಯ ಹೆಸರು, ಕೊಠಡಿ, ಯಾವ ಬೀದಿಯ ಮನೆಗಳು ಎಂಬುದನ್ನು ಮತದಾರರ ಪಟ್ಟಿಯ ಮೊದಲ ಪುಟದೊಂದಿಗೆ ತಾಳೆ ನೋಡಿಯೇ ಜೋಡಿಸಿ. ಅಂಚೆ ಮತಗಳನ್ನು ಬಿಟ್ಟುಬಿಡಿ, ಅವು ಬೂತ್‌ವಾರು ಇರುವುದಿಲ್ಲ.

ಒಂದು ಬೂತ್‌ನಲ್ಲಿ ವಿಧಾನಸಭೆಗೆ 780 ಮತ ಬಿದ್ದು ನಿಮಗೆ 410 ಬಂದಿತ್ತು, ಲೋಕಸಭೆಗೆ 740 ಬಿದ್ದು 300 ಬಂತು ಎನ್ನಿ. ಇಳಿದದ್ದು 110. ಮತದಾನವೇ 40 ಕಡಿಮೆಯಾಗಿದೆ. ಉಳಿದಂತೆ ಎರಡೂ ಸಲ ಓಟು ಹಾಕಿದವರು ಅದೇ ಜನ ಎಂದಿಟ್ಟುಕೊಂಡರೆ, ಆ ನಲವತ್ತೂ ನಿಮ್ಮವರೇ ಆದರೂ ಕನಿಷ್ಠ 70 ಮಂದಿ ಪಕ್ಷ ಬದಲಿಸಿದ್ದಾರೆ. ಗರಿಷ್ಠ ಎಷ್ಟು ಎಂದು ಈ ಪಟ್ಟಿ ಹೇಳಲಾರದು, ಏಕೆಂದರೆ ಆ ಕಡೆಯಿಂದ 60 ಮಂದಿ ಬಂದು ಈ ಕಡೆಯಿಂದ 130 ಮಂದಿ ಹೋದರೂ ಕಾಣುವುದು 70 ಮಾತ್ರ. ಯಾವ ಜಾತಿಯವರು, ಯಾವ ವಯಸ್ಸಿನವರು ಹೋದರು ಎಂದೂ ಹೇಳಲಾರದು. ಫಾರ್ಮ್ 20 ನೋಡಿ 'ಆ ಕೇರಿಯವರು ಕೈಕೊಟ್ಟರು' ಎಂದು ಊರಲ್ಲಿ ಹೇಳಿಕೊಂಡು ತಿರುಗುವುದು ಅನ್ಯಾಯ, ಲೆಕ್ಕದಲ್ಲೂ ತಪ್ಪು. ಅದರ ಉಪಯೋಗ ಒಂದೇ: ಎಲ್ಲಿಗೆ ಹೋಗಬೇಕು ಎಂದು ತಿಳಿಯುವುದು. ಎರಡು ಚುನಾವಣೆಗಳ ನಡುವೆ ನಿಮ್ಮ ಪಾಲು ಶೇಕಡಾ 10ಕ್ಕಿಂತ ಹೆಚ್ಚು ಅಂಕ ಹೊಯ್ದಾಡಿದ ಬೂತ್‌ಗಳನ್ನು ಗುರುತು ಹಾಕಿ. ಸಮಯ, ಜನ, ಹಣ ಮೊದಲು ಅಲ್ಲಿಗೆ.

ಎರಡನೆಯದು ಸಮೀಕ್ಷೆ. ಮುಖಂಡರಿಗೆ ಖರ್ಚೆನಿಸಬಹುದು, ಆದರೆ ಒಂದು ಬಹಿರಂಗ ಸಭೆಯ ಶಾಮಿಯಾನದ ಬಾಡಿಗೆಯಷ್ಟರಲ್ಲಿ ಮುಗಿಯುವ ಕೆಲಸ. ಹೊಯ್ದಾಡುವ 20 ಬೂತ್ ಆರಿಸಿ, ಪ್ರತಿ ಬೂತ್‌ನಿಂದ 20 ಜನ, ಒಟ್ಟು 400. ಬೂತ್‌ನಲ್ಲಿ ಸಾವಿರ ಹೆಸರಿದ್ದರೆ ಒಂದರಿಂದ ಐವತ್ತರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಐವತ್ತನೆಯ ಹೆಸರು. 400 ಜನರ ಮಾದರಿಗೆ ಪುಸ್ತಕದ ಲೆಕ್ಕದಲ್ಲಿ ಹೆಚ್ಚುಕಡಿಮೆ 5 ಅಂಕದ ತಪ್ಪಿನ ಅಂತರ, ಅಂದರೆ ನಿಜವಾದ ಶೇಕಡಾವಾರು ಅಷ್ಟು ಆಚೀಚೆ ಇರಬಹುದು. ಬೂತ್ ಬೂತ್ ಗುಂಪಾಗಿ ಆರಿಸುವುದರಿಂದ ಅದು ಆರೇಳಕ್ಕೆ ಹೋಗುತ್ತದೆ. ಆಯ್ದ ವ್ಯಕ್ತಿ ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ. ಬೆಳಿಗ್ಗೆ, ಸಂಜೆ, ಭಾನುವಾರ ಹೀಗೆ ಮೂರು ಸಲ ಹೋಗಿ ಬನ್ನಿ. ಹಗಲು ಮನೆಯಲ್ಲಿ ಸಿಗುವವರನ್ನಷ್ಟೇ ಕೇಳಿದರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಕೂಲಿಗೆ ಹೋಗುವವರು, ಬೆಂಗಳೂರಿಗೆ ಓಡಾಡುವ ಹುಡುಗರು ಪೂರ್ತಿ ತಪ್ಪಿಹೋಗುತ್ತಾರೆ. ಬಹಳ ಹೊಯ್ದಾಡುವವರು ಅವರೇ ಇದ್ದಾರು.

ಕೇಳುವವರು ಬೇರೆ ಹೋಬಳಿಯವರಾಗಿರಲಿ, ಹೆಗಲ ಮೇಲೆ ಶಾಲು ಬೇಡ. ಹೆಂಗಸರನ್ನು ಹೆಂಗಸರೇ ಕೇಳಲಿ, ಯಜಮಾನರು ಪಕ್ಕದಲ್ಲಿ ನಿಂತು ಉತ್ತರ ಕೊಡದಂತೆ ನೋಡಿಕೊಳ್ಳಲಿ. 'ಒಪ್ಪುತ್ತೀರಾ?' ಎಂದು ಕೇಳಿದರೆ ನಮ್ಮಲ್ಲಿ ಮರ್ಯಾದೆಗೆ ಹೂಂ ಎನ್ನುವವರೇ ಹೆಚ್ಚು. ಅದಕ್ಕೆ ಎರಡೆರಡು ಮಾತು ಜೋಡಿಸಿ ಇಡಿ: 'ಉಚಿತ ಯೋಜನೆ ಬಡವರ ಕೈ ಹಿಡಿದಿದೆ ಅಂತಾರೆ ಕೆಲವರು, ಅದೇ ದುಡ್ಡು ಕೆರೆ ರಸ್ತೆಗೆ ಹಾಕಬೇಕಿತ್ತು ಅಂತಾರೆ ಕೆಲವರು. ನಿಮಗೆ ಯಾವ ಮಾತು ಹತ್ತಿರ?' ಹೀಗೆ ಎಂಟು ವಿಷಯ ಸಾಕು. ಅರ್ಧ ಜನರಿಗೆ ಎರಡು ಮಾತಿನ ಕ್ರಮ ತಿರುಗಿಸಿ ಓದಿ. ಜಾತಿ, ಆದಾಯ ಕೇಳುವುದಿದ್ದರೆ ಕೊನೆಗೆ.

ಎಂಟೂ ಮುಗಿದ ಮೇಲಿನ ಎರಡು ಪ್ರಶ್ನೆಗಳಿಗೇ ಈ ಇಡೀ ಕಸರತ್ತು. ಒಂದು: ಇವುಗಳಲ್ಲಿ ನಿಮ್ಮ ಓಟು ನಿರ್ಧರಿಸುವ ಎರಡು ವಿಷಯ ಯಾವುವು? ಇನ್ನೊಂದು: ಯಾವ ಕೆಲಸ ಮಾಡಿದರೆ, ಉಳಿದದ್ದೆಲ್ಲ ಸರಿಯಿದ್ದರೂ, ಆ ಪಕ್ಷಕ್ಕೆ ಹಾಕುವುದೇ ಇಲ್ಲ? ಮೊದಲನೆಯದು ಎಳೆಯುವ ವಿಷಯ ತೋರಿಸುತ್ತದೆ, ಎರಡನೆಯದು ನೂಕುವುದನ್ನು. ಎಷ್ಟೋ ಸಮೀಕ್ಷೆಗಳು ಎರಡನೆಯದನ್ನು ಕೇಳುವುದೇ ಇಲ್ಲ. ಎಲ್ಲರೂ ಬಲವಾಗಿ ಅಭಿಪ್ರಾಯ ಹೇಳುವ ವಿಷಯ, ಓಟು ತಿರುಗಿಸುವ ವಿಷಯ ಆಗಿರಲೇಬೇಕಿಲ್ಲ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಉತ್ತರಗಳನ್ನು ಕೂಡಿಸುವಾಗ ಪ್ರತಿಯೊಬ್ಬರ ಸರಾಸರಿ ಮಾತ್ರ ತೆಗೆಯಬೇಡಿ. ಯಾವ ಎರಡು ಉತ್ತರ ಒಂದೇ ತಲೆಯಲ್ಲಿ ಒಟ್ಟಿಗಿವೆ ಎಂದು ಜೋಡಿ ಮಾಡಿ ಎಣಿಸಿ. 400ರಲ್ಲಿ ಮಿಶ್ರ ಮತದಾರರು 120 ಸಿಕ್ಕರೆ ಅವರೊಳಗಿನ ಲೆಕ್ಕಕ್ಕೆ ಒಂಬತ್ತು ಅಂಕದ ತಪ್ಪಿನ ಅಂತರ ಇದೆ ಎಂಬುದು ನೆನಪಿರಲಿ. ಅವರನ್ನು ಮತ್ತೆ ಜಾತಿ, ವಯಸ್ಸು ಎಂದು ಸೀಳಿದರೆ ಹನ್ನೊಂದು ಜನರ ಮಾತನ್ನು ಇಡೀ ತಾಲ್ಲೂಕಿನ ಮಾತೆಂದು ನಂಬುವ ಸ್ಥಿತಿ ಬರುತ್ತದೆ.

ಮನೆ ಬಾಗಿಲಿನ ಮಾತು ಮೂರು ನಾಲ್ಕು ನಿಮಿಷ ಮೀರುವುದಿಲ್ಲ. ಹೋದ ಸಲ ಯಾರಿಗೆ ಹಾಕಿದಿರಿ ಎಂದು ಕೇಳಲೇಬೇಡಿ. ಹೇಳಿದವರು ಅಂದಿನ ತೀರ್ಮಾನ ಸಮರ್ಥಿಸಿಕೊಳ್ಳಲು ಶುರುಮಾಡುತ್ತಾರೆ. ಮೊದಲ ಎರಡು ನಿಮಿಷ ಅವರದು. ಆಮೇಲೆ ಹೀಗೆ: 'ಅಕ್ಕಾ, ದೇವಸ್ಥಾನದ ವಿಷಯದಲ್ಲಿ ನಿಮಗೆ ನಮ್ ಪಕ್ಷದ ಮೇಲೆ ಬೇಜಾರಿರಬಹುದು. ಅದನ್ನ ಬದಲಾಯಿಸ್ಕೊಳಿ ಅಂತ ಕೇಳಕ್ ಬಂದಿಲ್ಲ. ನಿಮ್ ಜಾತ್ರೆ, ನಿಮ್ ಗುಡಿ ತಂಟೆಗೆ ಯಾರೂ ಬರಲ್ಲ. ಈ ಸಲ ಓಟು ಹೇಮಾವತಿ ನೀರು ನಮ್ ಕೆರೆಗೆ ಬರೋದಕ್ಕೆ.' ಇನ್ನೊಂದು ಪಕ್ಷದವರಾದರೆ: 'ಯಜಮಾನ್ರೇ, ನಿಮ್ಮನೆ ಎರಡು ಸಾವಿರ, ಅಕ್ಕಿ ಯಾವುದೂ ನಿಲ್ಲಲ್ಲ. ಈ ಓಟು ದೆಹಲಿಗೆ, ಕೊಬ್ಬರಿ ಬೆಂಬಲ ಬೆಲೆ ತೀರ್ಮಾನ ಆಗೋ ಜಾಗಕ್ಕೆ.' ಅಭಯ ಕೊಡುವ ಮುಂಚೆ ಪಕ್ಷ ಅದನ್ನು ನಿಜಕ್ಕೂ ಉಳಿಸಿಕೊಳ್ಳುತ್ತದೆಯೇ ಎಂದು ಮೇಲಿನವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಸುಳ್ಳು ಅಭಯ ಒಂದು ಚುನಾವಣೆ ದಾಟಿಸೀತು, ಮುಂದಿನ ಸಲ ಆ ಬೀದಿಗೆ ಹೋಗುವ ಮುಖ ನಿಮ್ಮದೇ.

ಖರ್ಚಿನ ಪ್ರಶ್ನೆಗೂ ತಯಾರಿರಿ. ಗ್ಯಾರಂಟಿ ಪಡೆಯುವವರೇ 'ದುಡ್ಡು ಎಲ್ಲಿಂದ?' ಎಂದು ಕೇಳುತ್ತಾರೆ; ಇದೂ ಮಿಶ್ರಣವೇ. ರಾಜ್ಯದ ಐದು ಗ್ಯಾರಂಟಿಗಳಿಗೆ 2024-25ರ ಬಜೆಟ್‌ನಲ್ಲಿ ಇಟ್ಟದ್ದು ಸುಮಾರು 52 ಸಾವಿರ ಕೋಟಿ ರೂಪಾಯಿ. ಆ ಅಂಕಿ ಬಾಯಲ್ಲಿದ್ದು ಪರವಾಗಿಯೋ ವಿರುದ್ಧವಾಗಿಯೋ ವಾದ ಮಾಡುವ ಕಾರ್ಯಕರ್ತನಿಗೂ, 'ಎಲ್ಲ ಸರಿ ಹೋಗುತ್ತೆ' ಎನ್ನುವವನಿಗೂ ಸಿಗುವ ಮರ್ಯಾದೆಯೇ ಬೇರೆ.

ಒಂದು ಬೀದಿಯಲ್ಲಿ ಒಂದು ಮಾತು, ಇನ್ನೊಂದು ಕೇರಿಯಲ್ಲಿ ಇನ್ನೊಂದು ಮಾತು ಆಡುವ ಆಸೆ ಬರುತ್ತದೆ. ಯಾವ ವಿಷಯಕ್ಕೆ ಒತ್ತು ಎಂಬುದು ಬೀದಿಗೆ ತಕ್ಕಂತೆ ಬದಲಾಗಬಹುದು, ನಿಲುವು ಬದಲಾಗಬಾರದು. ಮೇಲಿನ ಕೇರಿಯ ಕರಪತ್ರವನ್ನು ಕೆಳಗಿನ ಕೇರಿಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಅಳುಕಿದರೆ ಅಚ್ಚಿಗೆ ಕೊಡಬೇಡಿ. ವಾಟ್ಸ್ಆ್ಯಪ್ ಬಂದ ಮೇಲೆ ಎರಡು ನಾಲಿಗೆಯ ಆಯುಸ್ಸು ಒಂದು ಗಂಟೆಯೂ ಇಲ್ಲ.

ಅಭ್ಯರ್ಥಿಯೇ ಅಭಯವಾಗುವುದೂ ಉಂಟು. 2023ರಲ್ಲಿ ಪುತ್ತೂರಿನಲ್ಲಿ ಕಾಂಗ್ರೆಸ್ ನಿಲ್ಲಿಸಿದ್ದು ಮೊದಲು ಬಿಜೆಪಿಯಲ್ಲಿದ್ದ ಅಶೋಕ್ ಕುಮಾರ್ ರೈ ಅವರನ್ನು, ಗೆದ್ದರು. ಆದರೆ ಅಲ್ಲಿ ಬಿಜೆಪಿಯ ವಿರುದ್ಧ ಬಂಡಾಯವೆದ್ದು ನಿಂತ ಅರುಣ್ ಕುಮಾರ್ ಪುತ್ತಿಲ ಎರಡನೇ ಸ್ಥಾನಕ್ಕೆ ಬಂದು ಬಿಜೆಪಿ ಮೂರನೆಯದಾಗಿತ್ತು. ಎದುರಾಳಿಯ ಮನೆ ಒಡೆದಿದ್ದನ್ನು ಮರೆತು ಪೂರ್ತಿ ಯಶಸ್ಸನ್ನು ಅಭ್ಯರ್ಥಿಯ ಆಯ್ಕೆಗೆ ಕೊಟ್ಟರೆ, ಮುಂದಿನ ಸಲ ಪಕ್ಷಾಂತರಿಗೆ ಟಿಕೆಟ್ ಕೊಟ್ಟು ಸ್ವಂತ ಕಾರ್ಯಕರ್ತರನ್ನು ಕಳೆದುಕೊಳ್ಳುತ್ತೀರಿ.

ಕಾನೂನಿನ ಗೆರೆಗಳು ಗೊತ್ತಿರಲಿ. ಪ್ರಜಾಪ್ರಾತಿನಿಧ್ಯ ಕಾಯ್ದೆ 1951ರ 123(3)ನೇ ಕಲಮಿನಂತೆ ಧರ್ಮ, ಜಾತಿ, ಸಮುದಾಯ, ಭಾಷೆಯ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮವನ್ನು ಮುಂದಿಟ್ಟು ಕೇಳಿದರೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ 4–3ರ ಬಹುಮತದಿಂದ ಹೇಳಿದೆ. 'ನಿಮ್ಮ ಗುಡಿಗೆ ತೊಂದರೆಯಿಲ್ಲ' ಎಂಬ ಭರವಸೆಗೂ 'ನಮ್ಮ ಧರ್ಮದವರೆಂದು ಓಟು ಹಾಕಿ' ಎಂಬುದಕ್ಕೂ ಇರುವ ಅಂತರವನ್ನು ಪ್ರತಿ ಕಾರ್ಯಕರ್ತನಿಗೂ ಬಾಯಿಪಾಠ ಮಾಡಿಸಿ. ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ವಿಧಾನಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಸಮೀಕ್ಷೆಯ ಹೆಸರಲ್ಲಿ ಹೆಸರು, ಫೋನ್ ಬರೆಸಿಕೊಂಡು 'ಗೆದ್ದ ಮೇಲೆ ನಿಮಗೆ ಈ ಸೌಲಭ್ಯ' ಎಂದು ಕಾರ್ಡ್ ಕೊಡುವ ಚಾಳಿಯನ್ನು ನಿಲ್ಲಿಸಲು ಚುನಾವಣಾ ಆಯೋಗ 2024ರ ಮೇ ತಿಂಗಳಲ್ಲಿ ಎಲ್ಲ ಪಕ್ಷಗಳಿಗೆ ಸೂಚಿಸಿದೆ. ಅದು ಲಂಚದ ಆರೋಪಕ್ಕೆ ದಾರಿ. ಸಮೀಕ್ಷೆಯ ಹಾಳೆಯಲ್ಲಿ ಹೆಸರೇ ಬೇಡ, ಬೂತ್ ಮತ್ತು ಕ್ರಮಸಂಖ್ಯೆ ಸಾಕು, ಲೆಕ್ಕ ಮುಗಿದ ಮೇಲೆ ಕ್ರಮಸಂಖ್ಯೆಯನ್ನೂ ಹರಿದುಹಾಕಿ.

ಸಮಯದ ಮಾತು ಕೊನೆಗೆ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವೇಳೆ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಅದೇ ಜನರನ್ನು ತಿಂಗಳು ತಿಂಗಳು ಕೇಳಿ ಮಾಡಿದ ಅಧ್ಯಯನದಲ್ಲೇ ಕಂಡ ಸಂಗತಿ: ಎರಡು ಕಡೆಯ ಎಳೆತಕ್ಕೆ ಸಿಕ್ಕವರು ತಡವಾಗಿ ತೀರ್ಮಾನ ಮಾಡುತ್ತಾರೆ, ಕೆಲವರು ಆಸಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಗಟ್ಟಿ ಬೂತ್‌ಗಳ ಕೆಲಸ ಬೇಗ ಮುಗಿಸಿ, ಕೊನೆಯ ಹತ್ತು ದಿನ ಹೊಯ್ದಾಡುವ ಬೂತ್‌ಗಳಿಗೆ ಇಟ್ಟುಕೊಳ್ಳಿ. 'ನೋಡೋಣ ಬಿಡಿ' ಎಂದವರ ಮನೆಗೆ ಎರಡನೇ ಸಲ ಹೋಗುವುದು ಬಹಿರಂಗ ಪ್ರಚಾರ ನಿಲ್ಲುವ ಕೊನೆಯ 48 ಗಂಟೆಗೆ ಮೊದಲಿನ ನಾಲ್ಕು ದಿನಗಳಲ್ಲಿ; ಮೊದಲ ಸಲ ಹೋದವರೇ ಹೋಗಲಿ, ಅಂದು ಅವರು ಹೇಳಿದ ದೂರು ಏನಾಯಿತೆಂದು ತಿಳಿಸಲಿ. ಮತದಾನದ ಹಿಂದಿನ ರಾತ್ರಿ ಪ್ರತಿ ಹೊಯ್ದಾಡುವ ಬೂತ್‌ಗೂ ನಿಮ್ಮ ಅಂದಾಜು ಮತವನ್ನು ಒಂದು ಹಾಳೆಯಲ್ಲಿ ಬರೆದು ಲಕೋಟೆಯಲ್ಲಿಡಿ. ಫಲಿತಾಂಶದ ನಂತರ ಹೊಸ ಫಾರ್ಮ್ 20 ಬಂದಾಗ ಲಕೋಟೆ ಒಡೆದು ಪಕ್ಕಪಕ್ಕ ಇಡಿ. ಐದು ಅಂಕಕ್ಕಿಂತ ಹೆಚ್ಚು ತಪ್ಪಿದ ಬೂತ್‌ಗಳಿಗೆ, ಗೆದ್ದಿರಲಿ ಸೋತಿರಲಿ, ಆ ವಾರವೇ ಹೋಗಿ ಕೂತು ಕೇಳಿ.